ಲಾಕರ್ ಅಕ್ಕಾರ ಶೂಗೆ ಮೂರು ಸಲ ಅಂಟು

ಥ್ರೋಬಾಲ್ ಅಭ್ಯಾಸದ ಮೂರನೆಯ ದಿನ ಲಾಕರ್ ಅಕ್ಕಾರು ಚೆಂಡು ಹಿಡಿಯಲು ಮುಂದೆ ಓಡಿ ಬಂದರು. ಚೆಂಡನ್ನು ಚೆನ್ನಾಗಿಯೇ ಹಿಡಿದರು. ಆದರೆ ಅವರ ಎಡಗಾಲಿನಿಂದ ಪಟಪಟ ಸದ್ದು ಕೇಳಿಸಿ ನಾವೆಲ್ಲ ಕೆಳಗೆ ನೋಡಿದೆವು. ಶೂ ಕಾಲಲ್ಲಿತ್ತು, ಅದರ ಅಟ್ಟೆ ಮಾತ್ರ ಬೆರಳಿನ ಕಡೆಯಿಂದ ನಡುವಿನ ತನಕ ಬಿಟ್ಟುಕೊಂಡು ಬಾಯಿ ತೆರೆದಿತ್ತು. ಬಲಗಾಲಿನದೂ ಅದೇ ದಾರಿ ಹಿಡಿದಿತ್ತು. ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು.

ನಾವು ತೆಲುಗು ನಾಡಿನ ಕಡಲತೀರದ ಗಾಜುವಾಕದ ಒಂದು ಬ್ಯಾಂಕ್ ಶಾಖೆಯವರು. ನಾನು ಧಾರವಾಡದಿಂದ ವರ್ಗವಾಗಿ ಬಂದ ಅಧಿಕಾರಿ. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ್ದೆ ಎಂದು ಬಾಯಿ ಬಿಟ್ಟ ತಪ್ಪಿಗೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮಹಿಳಾ ತಂಡದ ನಾಯಕಿಯಾಗಿದ್ದೆ. ಲಾಕರ್ ಅಕ್ಕಾರು ಎಂದರೆ ನಮ್ಮಲ್ಲಿ ಲಾಕರುಗಳನ್ನು ನೋಡಿಕೊಳ್ಳುವ ಹಿರಿಯ ಗುಮಾಸ್ತೆ. ಅವರ ತಂದೆ ಬಳ್ಳಾರಿ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹಾಗಾಗಿ ಅಕ್ಕಾರ ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು, ಉಳಿದದ್ದೆಲ್ಲ ತೆಲುಗು. ನನ್ನನ್ನು ಕಂಡ ಮೊದಲ ದಿನವೇ "ನಮ್ಮಮ್ಮ ಹೋದ್ಮೇಲೆ ನನ್ನ ಕನ್ನಡಕ್ಕೆ ಗಿರಾಕಿನೇ ಇಲ್ಲ ಅಂಡಿ" ಎಂದಿದ್ದರು. ಮಾತಿನ ಕೊನೆಯ 'ಅಂಡಿ' ತೆಲುಗಿನದು, ನಮ್ಮ 'ರೀ' ಇದ್ದ ಹಾಗೆ. ಅಂದಿನಿಂದ ನಾನು ಅವರಿಗೆ ಖಾಯಂ ಗಿರಾಕಿ.

ಅವರಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಪ್ರತಿ ವರ್ಷ ಬ್ಯಾಂಕಿನ ಮಹಿಳಾ ಕ್ರೀಡಾಕೂಟ ಬಂದಾಗಲೂ ಉಳಿದವರೆಲ್ಲ ಅಭ್ಯಾಸಕ್ಕೆ, ಆಟಕ್ಕೆ ಎಂದು ಹೊರಡುತ್ತಿದ್ದರು. ಗ್ರಾಹಕರು ಲಾಕರ್ ತೆರೆಯಲು ಬಂದರೆ ಬ್ಯಾಂಕಿನ ಕೀಲಿ ಹಿಡಿದು ಒಬ್ಬರು ನಿಲ್ಲಲೇಬೇಕು. ಆ ಒಬ್ಬರು ಯಾವಾಗಲೂ ಇವರೇ. ಈ ಸಲ ಹೊಸ ಮ್ಯಾನೇಜರು ಬೇರೆಯವರಿಗೆ ಕೀಲಿ ಕೊಟ್ಟು "ನೀವೂ ಹೋಗಿ ಬನ್ನಿ" ಎಂದಿದ್ದರು. ಸೀರೆ ಬಿಟ್ಟು ಬೇರೆ ಉಡದ ಅಕ್ಕಾರು ಮರುದಿನವೇ ಚೂಡಿದಾರ ತೊಟ್ಟು ಬಂದರು. ಅವರ ಆಟ ನಮ್ಮ ಯಾರಿಗಿಂತಲೂ ಚುರುಕಾಗಿತ್ತು, ಇಷ್ಟು ವರ್ಷ ಇವರನ್ನು ಕೂರಿಸಿ ನಾವು ಸೋತುಬಂದದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

"ಹೊಸಾ ಶೂ ತಗೊಂಡ್ರಾತಲ್ರಿ ಅಕ್ಕಾರ," ಎಂದೆ.

ಅವರು ಶೂ ಬಿಚ್ಚಿ ಪಾದ ತೋರಿಸಿದರು. ಹೆಬ್ಬೆರಳಿನ ಬುಡದ ಮೂಳೆ ನಿಂಬೆಕಾಯಿಯಷ್ಟು ಹೊರಗೆ ಬಂದಿತ್ತು. "ಹೊಸದು ಹಾಕಿದ್ರೆ ಇಲ್ಲಿ ಕಚ್ಚತದೆ ಮೇಡಂ. ಮೂರು ಅಂಗಡಿ ನೋಡಿದೆ. ಇದಕ್ಕೆ ಹತ್ತು ವರ್ಷದಿಂದ ನನ್ನ ಕಾಲು ಗೊತ್ತು ಅಂಡಿ. ಇದಿದ್ರೆ ನಾನು ಓಡ್ತೀನಿ, ಇಲ್ಲಾಂದ್ರೆ ಸೈಡಲ್ಲಿ ಕೂತು ಚಪ್ಪಾಳೆ ತಟ್ತೀನಿ."

ಮಾರುಕಟ್ಟೆಯ ಬಳಿ ಕೂರುವ ಚಮ್ಮಾರರ ಬಳಿ ಇಬ್ಬರೂ ಹೋದೆವು. ಅವರು ಶೂವನ್ನು ತಿರುಗಿಸಿ ಮುರುಗಿಸಿ ನೋಡಿ, ಸುತ್ತಲೂ ಹೊಲಿಗೆ ಹಾಕಿದರೆ ಗಟ್ಟಿಯಾಗುತ್ತದೆ, ಆದರೆ ದಾರ ಸರಿಯಾಗಿ ಆ ಮೂಳೆಯ ಪಕ್ಕವೇ ಹಾಯುತ್ತದೆ, ಆಡುವವರಿಗೆ ಅದು ಮುಳ್ಳಾಗುತ್ತದೆ ಎಂದರು. ಅಂಟು ಹಾಕಿ ಕೊಡಬಲ್ಲೆ, ಆದರೆ ಎರಡು ದಿನ ಒತ್ತಿ ಇಡಲು ನನ್ನ ಬಳಿ ಜಾಗವಿಲ್ಲ, ಓಡಾಟಕ್ಕೆ ಭರವಸೆ ಕೊಡಲಾರೆ ಎಂದೂ ನೇರವಾಗಿ ಹೇಳಿದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ನಾನು ಸುಮ್ಮನಿರುವ ಜಾತಿಯವಳಲ್ಲ. "ನಾ ಅಂಟಿಸಿ ಕೊಡ್ತೀನ್ರಿ ಅಕ್ಕಾರ, ಅದರಾಗೇನದ," ಎಂದುಬಿಟ್ಟೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತೆ. ಮೊದಲು ಅಟ್ಟೆಯ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹಳೆಯ ಶೂಗಳಲ್ಲಿ ಕೆಲವದರ ಫೋಮು ಒಳಗೊಳಗೇ ಸತ್ತಿರುತ್ತದೆ, ಒತ್ತಿದರೆ ಮೈಸೂರು ಪಾಕಿನಂತೆ ಉದುರುತ್ತದೆ, ಅಂಥದಕ್ಕೆ ಯಾವ ಅಂಟೂ ಪ್ರಯೋಜನವಿಲ್ಲ. ನಮ್ಮ ಮನೆಯವರ ಒಂದು ಜೊತೆ ಹಾಗೆಯೇ ಪುಡಿಯಾಗಿ ಕಸಕ್ಕೆ ಹೋಗಿತ್ತು. ಅಕ್ಕಾರದು ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಜೀವ ಇತ್ತು, ಅಂಟಷ್ಟೇ ಹೋಗಿತ್ತು. ನನಗೆ ಹಿಗ್ಗೋ ಹಿಗ್ಗು.

ನಮ್ಮ ಮನೆಯವರು ಸ್ವಯಂ ನಿವೃತ್ತಿ ತೆಗೆದುಕೊಂಡು ನನ್ನ ಜೊತೆ ಊರೂರು ಅಲೆಯುವವರು, ಹೊತ್ತು ಹೋಗಲು ನನ್ನನ್ನು ಛೇಡಿಸುವುದೇ ಕೆಲಸ. ಚಹದ ಲೋಟ ಹಿಡಿದು ಬಂದು ನಿಂತರು. "ಛಲೋ ಆತ ಬಿಡು. ರಿಟೈರ್ ಆದಮ್ಯಾಲೆ ಕೈಯಾಗ ಒಂದ್ ಕಸಬಾರ ಇರ್ತದ."

"ನೀವು ಆ ಕಲ್ಲಿನ ಗುಂಡು ತಂದು ಕೊಡ್ರಿ, ಮಾತು ಆಮ್ಯಾಲೆ," ಎಂದೆ.

ಒದ್ದೆ ಬಟ್ಟೆಯಿಂದ ಒರೆಸಿದೆ. ಚಪ್ಪಲಿಗೆ ಹಚ್ಚುವ ಹಳದಿ ಅಂಟಿನ ಡಬ್ಬಿ ತೆರೆದು ಎರಡೂ ಬದಿಗೆ ದಪ್ಪಗೆ ಬಳಿದೆ, ತಕ್ಷಣ ಜೋಡಿಸಿ ಒತ್ತಿದೆ, ಮೇಲೆ ರುಬ್ಬುವ ಗುಂಡು ಇಟ್ಟೆ. ಹತ್ತು ನಿಮಿಷದ ಕೆಲಸ. ಇಪ್ಪತ್ತೈದು ವರ್ಷ ಬ್ಯಾಂಕಿನಲ್ಲಿ ಮಾಡಿದ್ದೇ ಅದಲ್ಲವೇ: ಗೋಂದು ಹಚ್ಚು, ಅಂಟಿಸು, ಒತ್ತು, ಮೇಲೊಂದು ಸೀಲು ಹೊಡಿ.

ಸೋಮವಾರ ಬೆಳಿಗ್ಗೆ ಗುಂಡು ತೆಗೆದು ಅಟ್ಟೆಯನ್ನು ಮೆಲ್ಲಗೆ ಎಳೆದರೆ ಅದು ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬಂತು. ಒಳಗೆ ಇನ್ನೂ ಹಸಿ ಹಸಿ. ಆಗ ಡಬ್ಬಿಯನ್ನು ತಿರುಗಿಸಿ ಹಿಂದೆ ಬರೆದದ್ದನ್ನು ಓದಿದೆ. ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಲು ಬಿಟ್ಟು, ಆಮೇಲೆ ಜೋಡಿಸಬೇಕು ಎಂದಿತ್ತು. ಹಸಿಯಾಗಿ ಮುಚ್ಚಿದರೆ ಒಳಗಿನ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಗೋಂದಿಗೂ ಇದಕ್ಕೂ ಸಂಬಂಧವೇ ಇಲ್ಲ. ದಿನಾ ಗ್ರಾಹಕರಿಗೆ "ಫಾರಂ ಹಿಂದೆ ಇರೋದನ್ನ ಓದಿ ಸಹಿ ಮಾಡಿ" ಎಂದು ಗದರುವವಳು ನಾನು. ಇದನ್ನು ಮನೆಯವರಿಗೆ ಹೇಳಲಿಲ್ಲ, ಆದರೂ ಅವರಿಗೆ ಗೊತ್ತಾಯಿತು.

ಸಂಜೆ ಎರಡನೆಯ ಸುತ್ತು. ಹಸಿ ಅಂಟನ್ನೆಲ್ಲ ಕೆರೆದು ತೆಗೆದೆ. ಅಂಟಿನ ಘಾಟು ಮನೆ ತುಂಬಬಾರದೆಂದು ಬಾಲ್ಕನಿಗೆ ಹೋದೆ. ತೆಳ್ಳಗೆ ಹಚ್ಚಿ, ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕಾದೆ. ಸಮುದ್ರದ ಕಡೆಯ ಗಾಳಿ ಬೀಸುತ್ತಿತ್ತು, ನನಗೂ ಹಾಯೆನಿಸಿತು. ಹೊಳೆಯುತ್ತಿದ್ದ ಅಂಟು ಮಂಕಾಯಿತು, ಆರಿತು ಎಂದುಕೊಂಡು ಜೋಡಿಸಿದೆ. ಈ ಸಲ ಹಿಡಿಯಿತು. ಒಂದು ದಿನ ಪೂರ್ತಿ ಗುಂಡಿನ ಕೆಳಗಿಟ್ಟು ಬುಧವಾರ ಬೆಳಿಗ್ಗೆ ಶಾಖೆಗೆ ಒಯ್ದು ಕೊಟ್ಟೆ.

ಅಕ್ಕಾರು ಸೀರೆಯ ಕೆಳಗೇ ಶೂ ಹಾಕಿಕೊಂಡು ಲಾಕರ್ ಕೋಣೆಯಿಂದ ಬಾಗಿಲ ತನಕ ನಡೆದು ತೋರಿಸಿದರು. ಕೌಂಟರಿನವರು ಚಪ್ಪಾಳೆ ತಟ್ಟಿದರು. ನಾನು ಬೀಗಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕಾಲು ಚಾಚಿದ್ದರು, ಎಡ ಶೂವಿನ ಮುಂತುದಿಯಲ್ಲಿ ಉಗುರಿನಷ್ಟು ತೆಳ್ಳಗೆ ಒಂದು ಗೆರೆ ನನ್ನ ಕಣ್ಣಿಗೆ ಬಿತ್ತು. ಬಗ್ಗಿ ಚಿವುಟಿ ನೋಡಿದೆ. ಸಣ್ಣಗೆ ಚರ್ ಎಂದಿತು.

ಏನಾಗಿದೆ ಎಂದು ಆಗಲೇ ಹೊಳೆಯಿತು. ಸೋಮವಾರ ಬಾಲ್ಕನಿಯ ತಂತಿಯ ಮೇಲೆ ಬೆಳಿಗ್ಗೆ ಹಾಕಿದ್ದ ಟವೆಲು ಸಂಜೆಯಾದರೂ ಥಂಡಿಯಾಗಿಯೇ ಇತ್ತು. ಟವೆಲನ್ನೇ ಒಣಗಿಸದ ಗಾಳಿ ಅಂಟನ್ನು ಹೇಗೆ ಒಣಗಿಸೀತು? ಅಂಟು ಆರುತ್ತ ತಣ್ಣಗಾದಾಗ ಆ ಗಾಳಿಯ ತೇವ ಅದರ ಮೇಲೆ ಕೂತಿತ್ತು. ನಾನು ಆರಿತು ಎಂದುಕೊಂಡ ಮಂಕು ಅದೇ. ಎರಡು ಪದರಗಳ ನಡುವೆ ನೀರಿನ ಉಸಿರು ಸಿಕ್ಕಿಕೊಂಡಿತ್ತು.

ಹೇಳದೆ ಬಿಡಬಹುದಿತ್ತು. ಆ ರಾತ್ರಿಯೇ ನಾನು ವಿಜಯವಾಡಕ್ಕೆ ಹೊರಡುವವಳಿದ್ದೆ, ಅಲ್ಲಿ ಗುರುವಾರ, ಶುಕ್ರವಾರ ಎರಡು ದಿನದ ತರಬೇತಿ, ಶನಿವಾರ ತಂಡ ಬಂದು ಸೇರುವುದು, ಭಾನುವಾರ ಪಂದ್ಯ. ಶೂ ಹೇಗೋ ತಡೆದೀತು. ತಡೆಯದಿದ್ದರೆ ಅಷ್ಟು ಜನರ ಮುಂದೆ ಅಕ್ಕಾರು ಮುಗ್ಗರಿಸಬೇಕು. ನಿವೃತ್ತಿಯ ತಿಂಗಳಲ್ಲಿ ಅವರಿಗೆ ಅದು ಸಿಗಬಾರದು ಎನಿಸಿತು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದು ಹಿಡದಿಲ್ಲ."

"ಹಿಡಿದಿದೆ ಕದಾ ಅಂಡಿ. ಬೆಳಿಗ್ಗೆಯಿಂದ ಹಾಕಿದೀನಿ, ಏನೂ ಆಗ್ಲಿಲ್ಲ."

"ನಡಿಯೂದಕ್ಕ ಹಿಡದದ, ಓಡೂದಕ್ಕ ಇಲ್ಲ. ನಂಗ ಕೊಡ್ರಿ, ಪೂರಾ ಬಿಚ್ಚಿ ಮತ್ತ ಹಚ್ತೀನಿ."

ಅವರ ಮುಖ ಸಪ್ಪಗಾಯಿತು. "ಬಿಚ್ಚಿದ್ಮೇಲೆ ಮತ್ತೆ ಅಂಟದೇ ಹೋದ್ರೆ? ಇದೊಂದೇ ಆಟ ಮೇಡಂ ನನಗೆ. ಬರೋ ವರ್ಷ ನಾನು ಇರಲ್ಲ. ಹೀಗೇ ಬಿಡಿ ಅಂಡಿ, ಪರವಾಲೇದು."

ಆಗ ಅವರದೇ ಒಂದು ಅಭ್ಯಾಸ ನೆನಪಿಗೆ ಬಂತು. ಗ್ರಾಹಕರು ಲಾಕರ್ ಮುಚ್ಚಿ ಹೋದ ಮೇಲೆ ಅಕ್ಕಾರು ಒಬ್ಬರೇ ಹಿಂದಿರುಗಿ, ಆ ಪುಟ್ಟ ಬಾಗಿಲಿನ ಹಿಡಿಯನ್ನು ಒಂದು ಸಲ ಜಗ್ಗಿ ನೋಡಿಯೇ ಬರುತ್ತಾರೆ. ಒಂದು ದಿನವೂ ತಪ್ಪಿಸಿದ್ದನ್ನು ನಾನು ಕಂಡಿಲ್ಲ.

"ಲಾಕರ್ ಬಾಗಲಾ ಮುಚ್ಚಿದಮ್ಯಾಲೆ ನೀವು ಯಾಕ ಜಗ್ಗಿ ನೋಡ್ತೀರಿ?" ಎಂದು ಕೇಳಿದೆ.

"ಒಂದೊಂದ್ಸಲ ಬೀಗ ಬಿದ್ದಿರಲ್ಲ ಅಂಡಿ. ಮುಚ್ಚಿದ ಹಾಗೆ ಕಾಣಿಸ್ತದೆ ಅಷ್ಟೆ," ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಊಟದ ಡಬ್ಬಿ ಪಕ್ಕಕ್ಕಿಟ್ಟು ಶೂ ಬಿಚ್ಚಿದರು, ಅಟ್ಟೆಯ ತುದಿ ಹಿಡಿದು ತಾವೇ ಜಗ್ಗಿದರು. ಅದು ಚರ್ರನೆ ಹಿಮ್ಮಡಿಯ ತನಕ ಬಂದುಬಿಟ್ಟಿತು. ಬಲಗಾಲಿನದೂ ಹಾಗೆಯೇ. ಎರಡನ್ನೂ ನನ್ನ ಕೈಗಿಟ್ಟು "ತಗೊಳ್ಳಿ. ಈ ಸಲ ಅವಸರ ಬೇಡ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು.

ತರಬೇತಿ ನಡೆಯುವ ಕಚೇರಿ ಬೆಂಜ್ ಸರ್ಕಲ್ ಹತ್ತಿರ. ಉಳಿಯಲು ಅದರ ಹಿಂದೆಯೇ ಒಂದು ಅತಿಥಿಗೃಹ. ಮೇ ತಿಂಗಳ ವಿಜಯವಾಡದ ಬಿಸಿಲನ್ನು ಬಯ್ಯದವರಿಲ್ಲ, ಮಧ್ಯಾಹ್ನ ನಾಯಿಗಳೂ ಕಾರಿನಡಿಯಿಂದ ಹೊರಬರುವುದಿಲ್ಲ. ಗುರುವಾರ ಊಟದ ಹೊತ್ತಿಗೆ ಕರವಸ್ತ್ರ ಒಗೆದು ಕಿಟಕಿಗೆ ಹಾಕಿದೆ, ಕೈ ತೊಳೆದು ಬರುವಷ್ಟರಲ್ಲಿ ಹಪ್ಪಳವಾಗಿತ್ತು. ಪಡುವಣದ ಒಣಗಾಳಿ. ಆಗ ನಿರ್ಧಾರ ಮಾಡಿದೆ: ಶುಕ್ರವಾರ ಮಧ್ಯಾಹ್ನ, ಊರೆಲ್ಲ ಒಳಗೆ ಸೇರಿಕೊಂಡಾಗ, ತಾರಸಿಯ ಮೇಲೆ ಈ ಕೆಲಸ ಆಗಬೇಕು.

ಗುರುವಾರ ಸಂಜೆಯಿಡೀ ತಯಾರಿ. ಶೂ ಜೊತೆ ಅಂಟಿನ ಡಬ್ಬಿಯನ್ನೂ ತಂದಿದ್ದೆ. ರಸ್ತೆಯಾಚೆಯ ಬಣ್ಣದಂಗಡಿಯಲ್ಲಿ ಥಿನ್ನರ್, ಸ್ಯಾಂಡ್ ಪೇಪರ್ ಸಿಕ್ಕವು. ಸೈಕಲ್ ಅಂಗಡಿಯವರು ಪಂಕ್ಚರಾಗಿ ಬಿಸಾಕಿದ್ದ ಎರಡು ಟ್ಯೂಬು ಕೊಟ್ಟರು. ಕೋಣೆಗೆ ಬಂದು ಹೇರ್ ಡ್ರೈಯರಿನಿಂದ ಅಂಟನ್ನು ಬೆಚ್ಚಗೆ ಮಾಡಿ, ಚಾಕುವಿನ ಮೊಂಡು ಬದಿಯಿಂದ ಸುರುಳಿ ಸುರುಳಿಯಾಗಿ ಎತ್ತಿದೆ. ನನ್ನ ಮೂರು ದಿನದ ಅಂಟು ಸಲೀಸಾಗಿ ಬಂತು. ಅದರಡಿಯ ಕಾರ್ಖಾನೆಯ ಹತ್ತು ವರ್ಷದ ಅಂಟು ಗಾಜಿನಂತೆ ಕೂತಿತ್ತು. ಹಿಂದಿನ ಎರಡು ಸಲ ಅದರ ಮೇಲೆಯೇ ಬಳಿದಿದ್ದೆ, ಪಾಚಿಯ ಮೇಲೆ ಸುಣ್ಣ ಹೊಡೆದ ಹಾಗೆ. ಫೋಮಿನ ಹೊಳಪು ಹೋಗಿ ಮೈ ಒರಟಾಗುವ ತನಕ ಸ್ಯಾಂಡ್ ಪೇಪರ್ ತಿಕ್ಕಿದೆ, ಮೇಲಿನ ಬಟ್ಟೆಯ ಅಂಚನ್ನೂ ತಿಕ್ಕಿದೆ, ಪುಡಿ ಕೊಡವಿ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದೆ. ಆಮೇಲೆ ಆ ಮೈಗೆ ಬೆರಳು ತಾಗಿಸಲಿಲ್ಲ. ತೋಳು ಬಿದ್ದುಹೋಗಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ನಮ್ಮ ಮನೆಯವರಿಗೆ ಫೋನ್ ಮಾಡಿ ಹೇಳಿದೆ.

"ತರಬೇತಿಯಾಗ ಏನ್ ಕಲಿಸಿದ್ರು ಇವತ್ತ?" ಎಂದು ಕೇಳಿದರು.

"ಅದೊಂದ ಕೇಳಬ್ಯಾಡ್ರಿ," ಎಂದೆ.

ಶುಕ್ರವಾರ ಊಟದ ಬಿಡುವು ಒಂದು ಗಂಟೆ. ಊಟ ಬಿಟ್ಟು ತಾರಸಿಗೆ ಓಡಿದೆ. ನೀರಿನ ತೊಟ್ಟಿಯ ನೆರಳು ಕಾಲಿಡುವಷ್ಟೂ ಇರಲಿಲ್ಲ, ನೇರ ಬಿಸಿಲಿನಲ್ಲಿ ಇಟ್ಟರೆ ಫೋಮು ಮುರುಟಿಕೊಳ್ಳುವ ಭಯ. ಅತಿಥಿಗೃಹದ ಮೇಲ್ವಿಚಾರಕರ ಬಳಿ ಕೊಡೆ ಕೇಳಿದೆ. ವಯಸ್ಸಾದ ಸಮಾಧಾನಿ ಮನುಷ್ಯ, ಹಿಂದೆಯೇ ಮೇಲೆ ಬಂದರು. "ಬೂಟ್ಲಕಿ ಗೊಡುಗಾ ಅಮ್ಮಾ?" ಎಂದರು. ಶೂಗಳಿಗೆ ಕೊಡೆ ಹಿಡಿಯುವುದನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಕೊಡೆ ಬಿಚ್ಚಿ, ತಮ್ಮ ತಲೆಗೆ ಟವೆಲು ಸುತ್ತಿಕೊಂಡು, ಉತ್ಸವಮೂರ್ತಿಗೆ ಹಿಡಿದಷ್ಟೇ ಗಾಂಭೀರ್ಯದಿಂದ ಶೂಗಳಿಗೆ ಹಿಡಿದು ನಿಂತರು.

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೊದಲ ಕೈ ತೆಳ್ಳಗೆ ಹಚ್ಚಿದೆ. ಬಟ್ಟೆಯ ಬದಿ ಅದನ್ನು ಕುಡಿದುಬಿಟ್ಟಿತು. ಹತ್ತು ನಿಮಿಷಕ್ಕೆ ಎರಡನೆಯ ಕೈ. ಈ ಸಲ ಅಂಟು ಮಂಕಾಗಲಿಲ್ಲ, ಎಣ್ಣೆ ಸವರಿದ ದೋಸೆಹಂಚಿನಂತೆ ಹೊಳೆಯುತ್ತಲೇ ಆರಿತು. ಬೆರಳಿನ ಹಿಂಬದಿ ತಾಗಿಸಿದೆ, ಹತ್ತಲಿಲ್ಲ. ಆ ಹೊಳಪನ್ನು ನೋಡಿ ನನಗೆ ಹಾಡು ಹೇಳುವಷ್ಟು ಸಂತೋಷವಾಯಿತು. ಇಡೀ ಊರು ಶಪಿಸುವ ಬಿಸಿಲು ನನ್ನ ಕೆಲಸ ಮಾಡುತ್ತಿತ್ತು.

ಇನ್ನುಳಿದದ್ದು ಜೋಡಣೆ. ಆರಿದ ಎರಡು ಮೈಗಳು ಒಮ್ಮೆ ತಾಗಿದರೆ ಮುಗಿಯಿತು, ಸರಿಪಡಿಸಲು ಅವಕಾಶವಿಲ್ಲ. ಕಚೇರಿಯ ವಿಳಾಸದ ಲೇಬಲ್ಲುಗಳ ಹಿಂದಿನ ನುಣ್ಣನೆ ಹಾಳೆ ಚೀಲದಲ್ಲಿತ್ತು. ಅದನ್ನು ನಡುವೆ ಇಟ್ಟು, ಮುಂತುದಿಯನ್ನು ಮೊದಲು ಸರಿಯಾಗಿ ಕೂರಿಸಿ, ಹಾಳೆಯನ್ನು ಹಿಮ್ಮಡಿಯ ಕಡೆಗೆ ಅಂಗುಲ ಅಂಗುಲವಾಗಿ ಎಳೆಯುತ್ತ, ಬಿಟ್ಟಷ್ಟನ್ನು ಒತ್ತುತ್ತ ಬಂದೆ. ಎಡಗಾಲಿನದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಬಲಗಾಲಿನದಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿ ಅಂಟು ತೀರಾ ಒಣಗಿತ್ತು, ಒಂದರ ಮೇಲೊಂದು ಇಟ್ಟರೆ ಹಿಡಿಯುವ ಲಕ್ಷಣವಿಲ್ಲ. ಡ್ರೈಯರ್ ಕೋಣೆಯಲ್ಲಿ, ಕೋಣೆ ಎರಡು ಮಹಡಿ ಕೆಳಗೆ, ಬಿಡುವು ಮುಗಿಯಲು ಹತ್ತು ನಿಮಿಷ.

ಮೇಲ್ವಿಚಾರಕರು ನನ್ನ ಮುಖ ನೋಡಿದರು, ವಿಷಯ ಕೇಳಿದರು, ಕೊಡೆ ಮಡಚಿದರು.

ಒಂದು ನಿಮಿಷ ಸಾಕಾಯಿತು. ಬಿಸಿಲು ಬಿದ್ದದ್ದೇ ಅಂಟು ಮತ್ತೆ ಮೆತ್ತಗಾಗಿ ಹೊಳೆಯತೊಡಗಿತು. "ಚಾಲಾ?" ಎಂದರು, ಸಾಕಾ ಎಂದು. ಸಾಕು ಎಂದೆ. ಅವರು ಕೊಡೆ ಬಿಚ್ಚಿದರು, ನಾನು ಜೋಡಿಸಿದೆ. ಹಿಂದಿನ ಸಂಜೆಯೇ ಅಕ್ಕಿ ತುಂಬಿಟ್ಟಿದ್ದ ಕಾಲುಚೀಲಗಳನ್ನು ಶೂ ಒಳಗೆ ಗಟ್ಟಿಯಾಗಿ ತುರುಕಿ, ಹೊರಗಿನಿಂದ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿದೆ. ಮಧ್ಯಾಹ್ನದ ತರಗತಿಗೆ ಐದು ನಿಮಿಷ ತಡವಾಗಿ, ಮೈಯೆಲ್ಲ ಥಿನ್ನರ್ ವಾಸನೆ ಹೊತ್ತು ಹೋಗಿ ಕೂತೆ. ಪಕ್ಕದವರು ಕುರ್ಚಿ ಸ್ವಲ್ಪ ದೂರ ಎಳೆದುಕೊಂಡರು.

ಭಾನುವಾರ ಬೆಳಿಗ್ಗೆ ಟ್ಯೂಬು ಬಿಚ್ಚಿ ಅಕ್ಕಾರ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು, ತಿರುಚಿದರು, ಮುಂತುದಿಗೆ ಉಗುರು ಹಾಕಿ ನೋಡಿದರು. ಉಗುರು ಒಳಗೆ ಹೋಗಲಿಲ್ಲ. ಹಾಕಿಕೊಂಡು ಲೇಸು ಕಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು, ನಾನು ನೋಡದ ಹಾಗೆ ನೆಟ್ಟಿನ ಕಡೆ ತಿರುಗಿದೆ.

ನಮ್ಮ ಎದುರಿಗೆ ಬಂದದ್ದು ಎಳೆಯ ವಯಸ್ಸಿನವರ ತಂಡ. ಅಕ್ಕಾರನ್ನು ನೋಡಿ ಆ ಹುಡುಗಿಯರು ಸುಲಭ ಎಂದುಕೊಂಡರು, ಚೆಂಡನ್ನೆಲ್ಲ ಅಕ್ಕಾರ ಕಡೆಗೇ ಎಸೆದರು. ಅಕ್ಕಾರು ಒಂದೊಂದನ್ನೂ ಹಿಡಿದರು. ಮೊದಲ ಆಟ ಎದುರಾಳಿಗಳದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ಹದಿಮೂರು ಹದಿಮೂರಕ್ಕೆ ಬಂದು ನಿಂತಾಗ ನನ್ನ ಸ್ಥಿತಿ ಹೇಳುವಂತಿರಲಿಲ್ಲ. ಅಕ್ಕಾರು ಮುಂದೆ ನುಗ್ಗಿದಾಗಲೆಲ್ಲ ನನ್ನ ಕಣ್ಣು ಅವರ ಎಡಗಾಲಿನ ಮುಂತುದಿಯ ಮೇಲೆ. ಬಿಟ್ಟಿತೇ? ಇಲ್ಲ. ಈಗ? ಇಲ್ಲ. ಹಾಗೆ ನೋಡುತ್ತಿರುವಾಗಲೇ ಚೆಂಡು ನನ್ನ ಭುಜದ ಪಕ್ಕದಲ್ಲೇ ಹಾದು ನೆಲಕ್ಕೆ ಬಿತ್ತು. ನಾನು ಕೈಯನ್ನೂ ಎತ್ತಿರಲಿಲ್ಲ.

ಅಕ್ಕಾರು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. ಬ್ಯಾಂಕಿನಲ್ಲಿ ಒಂದು ದಿನವೂ ನನ್ನೊಡನೆ ದನಿ ಏರಿಸದವರು.

"ಮೇಡಂ, ನನ್ನ ಕಾಲು ನಾನು ನೋಡ್ಕೊಳ್ತೀನಿ. ನೀವು ಚೆಂಡು ನೋಡಿ."

ಇಡೀ ತಂಡ ನಕ್ಕಿತು, ನಾನೂ ನಕ್ಕೆ. ಆಮೇಲೆ ಚೆಂಡನ್ನೇ ನೋಡಿದೆ. ನಾವು ಗೆದ್ದದ್ದು ಯಾವ ಎಸೆತದಲ್ಲಿ ಎಂದು ಕೇಳಿದರೆ ಹೇಳಬಲ್ಲೆ, ಅದನ್ನು ಎಸೆದದ್ದು ಅಕ್ಕಾರು. ಆಗ ಅವರ ಕಾಲಲ್ಲಿ ಏನಿತ್ತು ಎನ್ನುವುದು ನನಗೆ ನೆನಪೇ ಇಲ್ಲ.